ಮೂರು ಗಾಲಿಯ ಬಾದಲ್ ತಿರುವಿನಲ್ಲಿ ಯಾಕೆ ಪಲ್ಟಿ ಹೊಡೆಯಿತು?

ಔರಾದ್ ತಾಲ್ಲೂಕಿನ ಹೈಸ್ಕೂಲ್ ಹುಡುಗನೊಬ್ಬ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಬಾದಲ್ ಕಾರಿನ ಮಾದರಿ ಮಾಡಿದ್ದಾನೆ. ಹತ್ತರಲ್ಲಿ ಒಂದು ಪಾಲಿನ ಅಳತೆ. ಸಾಮಾನೆಲ್ಲ ಮನೆಯ ಅಟ್ಟದ್ದು, ಬೀದರಿನ ಭಂಗಾರ್ ಅಂಗಡಿಯದ್ದು: ಕೆಟ್ಟ ಆಟಿಕೆಯ ಮೋಟರು, ಸೈಕಲ್ ಸ್ಪೋಕಿನ ಆಕ್ಸಲ್, ಟ್ಯೂಬಿನ ಪಟ್ಟಿ ಸುತ್ತಿದ ಬಾಟಲಿ ಮುಚ್ಚಳಗಳೇ ಗಾಲಿ. ಥರ್ಮಾಕೋಲ್ ಕೊರೆದು, ಹಳೆ ಧೋತರದ ತುಂಡುಗಳನ್ನು ಫೆವಿಕಾಲಿನಲ್ಲಿ ಅದ್ದಿ ಪದರ ಪದರವಾಗಿ ಅಂಟಿಸಿ ಮೈ ಮಾಡಿದ್ದಾನೆ. ಒಣಗಿದ ಮೇಲೆ ಬೆರಳಿನಿಂದ ಬಡಿದರೆ ಟಕಟಕ ಎನ್ನುತ್ತದೆ. ಎಳೆತವನ್ನು ಬಟ್ಟೆಯ ಎಳೆ ತಡೆಯುತ್ತದೆ, ಆಕಾರವನ್ನು ಅಂಟು ಹಿಡಿದಿಡುತ್ತದೆ. ನಿಜವಾದ ಬಾದಲ್‌ನ ಫೈಬರ್‌ಗ್ಲಾಸ್ ಮೈಯ ಹಿಂದೆ ಇರುವುದೂ ಇದೇ ತತ್ವ. ಅವನ ಪ್ರಶ್ನೆ ಇಷ್ಟು: "ಸರ್, ಸೀದಾ ಓಡ್ತದ, ತಿರುಗಿಸಿದ್ರ ಪಲ್ಟಿ ಹೊಡಿತದ. ದೊಡ್ಡ ಗಾಡೀನೂ ಹಿಂಗೇ ಮಾಡ್ತಿತ್ತೇನ್ರಿ?"

ಬಾದಲ್ ನಮ್ಮ ರಾಜ್ಯದ್ದೇ ಕಾರು. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾಯಿತು. ಮುಂದೆ ಒಂದು ಗಾಲಿ, ಹಿಂದೆ ಎರಡು, ಹಿಂಬದಿಯಲ್ಲಿ ಸುಮಾರು 200 ಸಿಸಿಯ ಪುಟ್ಟ ಎಂಜಿನ್. ಆಮೇಲೆ ಅದರ ನಾಲ್ಕು ಗಾಲಿಯ ರೂಪವೂ ಬಂತು. ಅದನ್ನು ತಯಾರಿಸಿದ ಬಳಗವೇ ಸಿಪಾನಿ ಹೆಸರಿನಲ್ಲಿ 1980ರ ದಶಕದಲ್ಲಿ ಡಾಲ್ಫಿನ್ ಕಾರನ್ನು ತಂದಿತು. ಡಾಲ್ಫಿನ್‌ನ ಮೂಲ ಬ್ರಿಟನ್ನಿನ ರಿಲಯಂಟ್ ಕಿಟನ್. ಆ ಕಿಟನ್ ಕೂಡ ಮೂರು ಗಾಲಿಯ ರಿಲಯಂಟ್ ರಾಬಿನ್‌ಗೆ ನಾಲ್ಕನೆಯ ಗಾಲಿ ಸೇರಿಸಿದಂಥ ಕಾರು. ಎರಡು ದೇಶಗಳಲ್ಲೂ ಸಣ್ಣ ಕಾರು ಮೂರರಿಂದ ನಾಲ್ಕು ಗಾಲಿಗೆ ನಡೆದದ್ದು ಕಾಕತಾಳೀಯ ಅಲ್ಲ.

ನಾಲ್ಕು ಗಾಲಿಯ ಗಾಡಿ ಪಲ್ಟಿಯಾಗುವಾಗ ಒಂದು ಬದಿಯ ಎರಡು ಗಾಲಿಗಳನ್ನು ಕೂಡಿಸುವ ಗೆರೆಯ ಮೇಲೆ ಹೊರಳುತ್ತದೆ. ಮುಂದೆ ಒಂದೇ ಗಾಲಿಯಿದ್ದರೆ ಆ ಗೆರೆ ಮುಂದಿನ ಗಾಲಿಯಿಂದ ಹಿಂದಿನ ಹೊರಗಾಲಿಗೆ ಓರೆಯಾಗಿ ಹೋಗುತ್ತದೆ. ಹಾಗಾಗಿ ಗುರುತ್ವ ಕೇಂದ್ರ ಮುಂದೆ ಸರಿದಷ್ಟೂ ಗೆರೆ ಅದಕ್ಕೆ ಹತ್ತಿರ. ಹುಡುಗನ ಮಾದರಿಯಲ್ಲಿ ಹಿಂದಿನ ಗಾಲಿಗಳ ನಡುವಿನ ಅಂತರ 12 ಸೆಂಟಿಮೀಟರ್. ಗುರುತ್ವ ಕೇಂದ್ರ ನೆಲದಿಂದ 5 ಸೆಂ.ಮೀ. ಮೇಲಿದ್ದು, ಮುಂದಿನ ಗಾಲಿಯಿಂದ ಮೂರರಲ್ಲಿ ಎರಡು ಪಾಲು ಹಿಂದಿದ್ದರೆ ಗೆರೆ 4 ಸೆಂ.ಮೀ. ದೂರ. ನಾಲ್ಕನ್ನು ಐದರಿಂದ ಭಾಗಿಸಿದರೆ 0.8: ಅಂದರೆ ಗುರುತ್ವದ 0.8 ಪಟ್ಟು ಅಡ್ಡ ಬಲ ಬಿದ್ದಾಗ ಗಾಡಿ ಏಳುತ್ತದೆ. ಅದೇ ಕೇಂದ್ರ ನಟ್ಟನಡುವೆ ಬಂದು, ಎತ್ತರ 6 ಸೆಂ.ಮೀ. ಆದರೆ ಉಳಿಯುವುದು ಬರೀ 0.5.

ಇದನ್ನು ಅಳೆಯಲು ಲ್ಯಾಬ್ ಬೇಕಿಲ್ಲ, ಒಂದು ಹಲಗೆ ಸಾಕು. ಮಾದರಿಯನ್ನು ಹಲಗೆಗೆ ಅಡ್ಡಡ್ಡ ನಿಲ್ಲಿಸಿ, ಜಾರದಂತೆ ಕೆಳಗಿನ ಗಾಲಿಗಳ ಪಕ್ಕ ತೆಳು ಪಟ್ಟಿ ಅಂಟಿಸಿ, ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತಬೇಕು. ಮೇಲಿನ ಗಾಲಿ ಹಲಗೆ ಬಿಟ್ಟಾಗ ಕೋನ ಅಳೆದು ಅದರ ಟ್ಯಾಂಜೆಂಟ್ ತೆಗೆದರೆ ಅದೇ ಸಂಖ್ಯೆ. 0.8ಕ್ಕೆ ಸುಮಾರು 39 ಡಿಗ್ರಿ, 0.5ಕ್ಕೆ 27 ಡಿಗ್ರಿಗೂ ತುಸು ಕಡಿಮೆ. ಅಳತೆ ಹತ್ತು ಪಟ್ಟು ಚಿಕ್ಕದಾದರೂ ಈ ಕೋನ ಬದಲಾಗುವುದಿಲ್ಲ.

ಬದಲಾಗುವುದು ವೇಗ. ಮಾದರಿಗೂ ಮೂಲಕ್ಕೂ ವೇಗದ ನಂಟು ಹುಡುಕಿದವರ ಕಥೆ ನನಗೆ ಬಲು ಇಷ್ಟ. ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್ 1860ರ ದಶಕದಲ್ಲಿ 'ಸ್ವಾನ್', 'ರೇವನ್' ಎಂಬ ಎರಡು ಬಗೆಯ ಹಡಗಿನ ಮಾದರಿಗಳನ್ನು 3, 6, 12 ಅಡಿಗಳಲ್ಲಿ ಕಟ್ಟಿ ನೀರಿನಲ್ಲಿ ಎಳೆಸಿದ. ಆಟಿಕೆ ಎಳೆದರೆ ಹಡಗಿನ ಗುಣ ತಿಳಿಯುತ್ತದೆಯೇ ಎಂದು ಸ್ಕಾಟ್ ರಸೆಲ್‌ನಂಥ ಹೆಸರಾಂತ ಹಡಗು ವಿನ್ಯಾಸಕನೂ ತಕರಾರು ತೆಗೆದ. ಆದರೆ ಫ್ರೂಡ್ ಅಲೆಗಳನ್ನೇ ನೋಡುತ್ತಿದ್ದ. ಉದ್ದದ ವರ್ಗಮೂಲಕ್ಕೆ ತಕ್ಕಂತೆ ವೇಗ ಹೊಂದಿಸಿದರೆ ಚಿಕ್ಕದೂ ದೊಡ್ಡದೂ ಒಂದೇ ಆಕಾರದ ಅಲೆ ಎಬ್ಬಿಸುತ್ತಿದ್ದವು. 1871ರಲ್ಲಿ ಅವನು 'ಗ್ರೇಹೌಂಡ್' ಎಂಬ ನಿಜವಾದ ನೌಕಾಪಡೆಯ ಹಡಗನ್ನೇ ಇನ್ನೊಂದು ಹಡಗಿನಿಂದ ಎಳೆಸಿ, ಮಾದರಿಯ ಲೆಕ್ಕದ ಜೊತೆ ತಾಳೆ ನೋಡಿದ. ತಾಳೆಯಾಯಿತು. ಇಂದಿಗೂ ಹಡಗು ಕಟ್ಟುವವರು ಮೊದಲು ಮಾದರಿಯನ್ನು ಕೊಳದಲ್ಲಿ ಎಳೆದು ನೋಡುತ್ತಾರೆ.

ಗುರುತ್ವವೇ ಯಜಮಾನನಾಗಿರುವ ಕಡೆಯಲ್ಲೆಲ್ಲ ಈ ನಿಯಮ ನಡೆಯುತ್ತದೆ, ಪಲ್ಟಿಯಲ್ಲೂ. ಹತ್ತರ ವರ್ಗಮೂಲ 3.16. ಒಂದು ಮೀಟರ್ ತ್ರಿಜ್ಯದ ತಿರುವಿನಲ್ಲಿ ನಮ್ಮ 0.5ರ ಮಾದರಿ ಸೆಕೆಂಡಿಗೆ 2.2 ಮೀಟರ್ ವೇಗಕ್ಕೆ ಉರುಳುತ್ತದೆ. ಹತ್ತು ಮೀಟರ್ ತಿರುವಿನ ದೊಡ್ಡ ಗಾಡಿಗೆ ಇದು ಸೆಕೆಂಡಿಗೆ 7 ಮೀಟರ್, ಅಂದರೆ ಗಂಟೆಗೆ 25 ಕಿ.ಮೀ. ಆಟಿಕೆ ಕಾರಿನ ಡಬ್ಬಿಗಳ ಮೇಲೆ 'ಸ್ಕೇಲ್ ವೇಗ 300 ಕಿ.ಮೀ.' ಎಂದು ಅಚ್ಚಾಗಿರುತ್ತದಲ್ಲ, ಅಲ್ಲಿ ವೇಗವನ್ನು ಅಳತೆಯಿಂದ ನೇರವಾಗಿ ಗುಣಿಸಿರುತ್ತಾರೆ. ತಿರುವಿನ ಲೆಕ್ಕಕ್ಕೆ ಆ ಸಂಖ್ಯೆಯಿಂದ ಏನೂ ಪ್ರಯೋಜನವಿಲ್ಲ. ಮಕ್ಕಳಿಗೆ ತಪ್ಪು ಗಣಿತ ಕಲಿಸುವ ಇಂಥ ಜಾಹೀರಾತು ನನಗೆ ಸಿಟ್ಟು ತರಿಸುತ್ತದೆ.

ಇನ್ನು ತೂಕ. ಉದ್ದ ಹತ್ತರಲ್ಲಿ ಒಂದಾದರೆ ತೂಕ ಸಾವಿರದಲ್ಲಿ ಒಂದು. 400 ಕಿಲೋ ಕಾರಿಗೆ 400 ಗ್ರಾಂ ಮಾದರಿ. ಹುಡುಗ ಕಳಿಸಿದ ಫೋಟೋದಲ್ಲಿ ನಾಲ್ಕು ಪೆನ್ಸಿಲ್ ಸೆಲ್‌ಗಳ ಡಬ್ಬಿ ಡ್ಯಾಶ್‌ಬೋರ್ಡಿನ ಜಾಗದಲ್ಲಿ, ಕಿಟಕಿಯ ಎತ್ತರಕ್ಕಿದೆ. ಅವೆಲ್ಲ ಸೇರಿ ಸುಮಾರು 100 ಗ್ರಾಂ. ದೊಡ್ಡ ಗಾಡಿಯಲ್ಲಾದರೆ ಒಂದು ಕ್ವಿಂಟಲ್ ಜೋಳದ ಚೀಲವನ್ನು ಸ್ಟೇರಿಂಗಿನ ಮುಂದೆ ಎತ್ತರದಲ್ಲಿ ಕಟ್ಟಿದ ಹಾಗೆ! ನಿಜವಾದ ಬಾದಲ್‌ನಲ್ಲಿ ಭಾರದ ಎಂಜಿನ್ ಹಿಂದಿತ್ತು. ಅಂದಮೇಲೆ ಉರುಳುತ್ತಿರುವುದು ಸೆಲ್ ಡಬ್ಬಿ ಹಾಗಿಟ್ಟ ಗಾಡಿ; ಆ ಉರುಳನ್ನು ಬಾದಲ್‌ನ ಲೆಕ್ಕಕ್ಕೆ ಹಾಕುವಂತಿಲ್ಲ. 2001ರಲ್ಲಿ ಬೆಂಗಳೂರಿನಲ್ಲೇ ರಸ್ತೆಗಿಳಿದ ರೇವಾ ವಿದ್ಯುತ್ ಕಾರಿನಲ್ಲಿ ಸೀಸದ ಬ್ಯಾಟರಿಗಳನ್ನು ಸೀಟಿನ ಕೆಳಗೆ ಇಟ್ಟಿದ್ದರು. ಭಾರ ತಳದಲ್ಲಿದ್ದರೆ ಗಾಡಿ ನೆಲ ಕಚ್ಚಿ ನಿಲ್ಲುತ್ತದೆ.

ಡಬ್ಬಿಯನ್ನು ಹಿಂದಿನ ಆಕ್ಸಲ್ ಪಕ್ಕ ತಳಕ್ಕೆ ಅಂಟಿಸಲು ಹೇಳಿದ್ದೇನೆ. ಇನ್ನೂ ಭಾರ ಬೇಕೆಂದರೆ ಸತುವಿನ ಚೂರು ಒಳ್ಳೆಯದು. ಬೀದರಿನ ಬಿದರಿ ಕಲೆಯ ಲೋಹದ ಬಹುಪಾಲು ಸತುವೇ, ನೀರಿಗಿಂತ ಏಳು ಪಟ್ಟು ಸಾಂದ್ರ. ಟ್ಯೂಬಿನ ಪಟ್ಟಿಯನ್ನು ಮಾತ್ರ ಕಿತ್ತು ನೋಡಬೇಡ ಎಂದೆ. ನುಣುಪು ಮುಚ್ಚಳದ ಗಾಲಿ ಪಲ್ಟಿಗೆ ಮೊದಲೇ ಜಾರುತ್ತದೆ, ರೋಗ ವಾಸಿಯಾದಂತೆ ಕಾಣುತ್ತದೆ. ಡಾಂಬರಿನ ಮೇಲೆ ರಬ್ಬರ್ ಟೈರ್ ಅಷ್ಟು ಸುಲಭಕ್ಕೆ ಜಾರುವುದಿಲ್ಲ.

ಬೀದರ್–ಭಾಲ್ಕಿ ದಾರಿಯ ಮೂರು ಗಾಲಿಯ ಟಂಟಂಗಳಿಗೂ ಇದೇ ಲೆಕ್ಕ. ಡ್ರೈವರಿನ ಎಡಬಲಕ್ಕೆ ಒಬ್ಬೊಬ್ಬರನ್ನು ಕೂರಿಸಿಕೊಂಡಾಗ ಗುರುತ್ವ ಕೇಂದ್ರ ಮುಂದಕ್ಕೆ, ಅಂದರೆ ಮೂರು ಗಾಲಿಗಳ ತ್ರಿಕೋನದ ಕಿರಿದಾದ ಮೂಲೆಯ ಕಡೆಗೆ ಸರಿಯುತ್ತದೆ. ತಿರುವಿನ ಮಧ್ಯೆ ಬ್ರೇಕ್ ಒತ್ತಿದರೆ ಬಲವೂ ಅದೇ ಮೂಲೆಗೆ ನುಗ್ಗುತ್ತದೆ. ಹುಡುಗನಿಗೆ ಮುಂದಿನ ಕೆಲಸ ಇದೇ: ಮುಂದಿನ ಸೀಟಿನಲ್ಲಿ 60 ಗ್ರಾಮಿನ ಎರಡು ಮಣ್ಣಿನ ಗೊಂಬೆ ಕೂರಿಸಿ ಹಲಗೆಯ ಕೋನ ಅಳೆಯುವುದು, ಆಮೇಲೆ ಅವೇ ಗೊಂಬೆಗಳನ್ನು ಹಿಂದಕ್ಕೆ ಕೂರಿಸಿ ಮತ್ತೆ ಅಳೆಯುವುದು.