ರಕ್ತ ಕೊಟ್ಟವರಿಗೆ ಪ್ರಯೋಗಾಲಯದಲ್ಲೂ ಜಾಗ ಬೇಕು

ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯಲ್ಲಿ ಹವಾಸುಪಾಯಿ ಎಂಬ ಪುಟ್ಟ ಬುಡಕಟ್ಟು ನೆಲೆಸಿದೆ. ಮಧುಮೇಹದಿಂದ ನರಳುತ್ತಿದ್ದ ಈ ಜನ 1990ರ ದಶಕದ ಆರಂಭದಲ್ಲಿ, ಪರಿಹಾರ ಸಿಕ್ಕೀತೆಂಬ ಆಸೆಯಿಂದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ರಕ್ತ ನೀಡಿದರು. ಅದೇ ರಕ್ತ ಸ್ಕಿಜೋಫ್ರೇನಿಯಾ, ಒಳಸಂಬಂಧ, ಪೂರ್ವಜರ ವಲಸೆಯ ಅಧ್ಯಯನಗಳಿಗೂ ಬಳಕೆಯಾದುದು ಅವರಿಗೆ ತಿಳಿದದ್ದು 2003ರಲ್ಲಿ. ವ್ಯಾಜ್ಯದ ಬಳಿಕ, 2010ರಲ್ಲಿ ವಿಶ್ವವಿದ್ಯಾಲಯ 41 ಮಂದಿಗೆ 7 ಲಕ್ಷ ಡಾಲರ್ ನೀಡಿ ಉಳಿದ ಮಾದರಿಗಳನ್ನು ಹಿಂದಿರುಗಿಸಿತು. ನವಾಹೊ ಜನರಂತೂ 2002ರಲ್ಲೇ ತಮ್ಮ ನೆಲದಲ್ಲಿ ವಂಶವಾಹಿ ಸಂಶೋಧನೆಗೆ ತಡೆ ಒಡ್ಡಿದ್ದರು.

ತಡೆ ಆತ್ಮರಕ್ಷಣೆಯ ಕ್ರಮವೇ ಸರಿ. ಆದರೆ ಅದಕ್ಕೂ ತೆರಬೇಕಾದ ಬೆಲೆಯಿದೆ. ಜಗತ್ತಿನ ವಂಶವಾಹಿ ಅಧ್ಯಯನಗಳಲ್ಲಿ ಬಹುಪಾಲು ಐರೋಪ್ಯ ಮೂಲದವರ ಮಾಹಿತಿಯೇ ತುಂಬಿದೆ. ಹೊರಗುಳಿದವರಿಗೆ ಆ ಜ್ಞಾನದ ಫಲವೂ ದಕ್ಕದು.

ಈ ಇಕ್ಕಟ್ಟಿಗೆ ಆದಿವಾಸಿ ವಿದ್ವಾಂಸರೇ ಒಂದು ದಾರಿ ಹುಡುಕಿದ್ದಾರೆ. 2011ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ‘ಸಿಂಗ್’ ಬೇಸಿಗೆ ಶಿಬಿರ ಮೂಲನಿವಾಸಿ ಯುವಜನರಿಗೆ ಡಿಎನ್‌ಎ ವಿಶ್ಲೇಷಣೆಯ ಜೊತೆಗೆ ಸಂಶೋಧನಾ ನೀತಿಯನ್ನೂ ಕಲಿಸುತ್ತದೆ. ಮುಂದೆ ಅದು ನ್ಯೂಜಿಲೆಂಡ್, ಕೆನಡಾ, ಆಸ್ಟ್ರೇಲಿಯಾಗಳಿಗೂ ಹಬ್ಬಿತು. 2018ರಲ್ಲಿ ಸೌತ್ ಡಕೋಟಾದ ಬುಡಕಟ್ಟು ನೆಲದಲ್ಲೇ, ಆದಿವಾಸಿ ವಿಜ್ಞಾನಿಗಳ ನೇತೃತ್ವದಲ್ಲಿ, ‘ನೇಟಿವ್ ಬಯೋಡೇಟಾ ಕನ್ಸಾರ್ಷಿಯಂ’ ಎಂಬ ಮಾದರಿ ಮತ್ತು ದತ್ತಾಂಶಗಳ ಭಂಡಾರ ಸ್ಥಾಪನೆಯಾಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇದು ಹಳೆಯ ಪಾಠದ ಹೊಸ ರೂಪವೆನಿಸುತ್ತದೆ. ಹತ್ತಿಯನ್ನು ಕಳಿಸಿ ಬಟ್ಟೆಯನ್ನು ಕೊಳ್ಳುವ ನಾಡು ಬಡವಾಗಿಯೇ ಉಳಿಯುತ್ತದೆ. ರಕ್ತದ ಮಾದರಿಯೂ ಕಚ್ಚಾ ವಸ್ತುವೇ. ಮೌಲ್ಯ ಹುಟ್ಟುವುದು ಅದನ್ನು ಓದಬಲ್ಲವರ ಕೈಯಲ್ಲಿ.

ನಮಗೂ ಇದು ದೂರದ ಕಥೆಯಲ್ಲ. ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ಸಮನ್ವಯಗೊಳಿಸಿದ ‘ಜೀನೋಮ್ ಇಂಡಿಯಾ’ ಯೋಜನೆಯಡಿ 10,000 ಭಾರತೀಯರ ಜೀನೋಮ್ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. 2023ರಲ್ಲಿ ಆರಂಭವಾದ ಕುಡಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನ, ಬುಡಕಟ್ಟು ಪ್ರದೇಶಗಳ 7 ಕೋಟಿ ಜನರ ತಪಾಸಣೆಯ ಗುರಿ ಹೊಂದಿತ್ತು. ಉದ್ದೇಶ ಶ್ಲಾಘನೀಯ. ಆದರೆ ಒಪ್ಪಿಗೆಯೆಂದರೆ ಹೆಬ್ಬೆಟ್ಟಿನ ಗುರುತು ಎಂದು ಭಾವಿಸುವ ಆಡಳಿತವನ್ನು ನಾನು ಸೇವಾವಧಿಯುದ್ದಕ್ಕೂ ಕಂಡಿದ್ದೇನೆ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಕಾಡಿನ ಜನರ ಹಕ್ಕನ್ನು ಮಾನ್ಯ ಮಾಡಿತು. ಅವರ ದೇಹದ ಮಾಹಿತಿ ಜೇನಿಗಿಂತ, ಸೀಗೆಕಾಯಿಗಿಂತ ಕಡಿಮೆಯದೇ?

ಸೋಲಿಗ, ಜೇನುಕುರುಬ, ಕೊರಗ ಯುವಜನರನ್ನು ಮಾದರಿ ಸಂಗ್ರಹಕ್ಕೆ ದಾರಿ ತೋರುವವರನ್ನಾಗಿ ಮಾತ್ರ ಬಳಸಿಕೊಂಡರೆ ಸಾಲದು. ಅವರಿಗೆ ಸಂಶೋಧನಾ ವೇತನ, ಪ್ರಯೋಗಾಲಯದ ತರಬೇತಿ, ನೀತಿ ಸಮಿತಿಗಳಲ್ಲಿ ಸ್ಥಾನ ದೊರೆಯಬೇಕು. ಯೋಜನಾ ವೆಚ್ಚದ ಒಂದು ಪಾಲನ್ನು ಇದಕ್ಕೆಂದೇ ಮೀಸಲಿಡುವುದು ಸರ್ಕಾರಕ್ಕೆ ಭಾರವಾಗಲಾರದು.