ಮನೆಯ ಗಾಜಿನ ಕಡಲಿಗೆ ತಕ್ಕ ಮೀನು

ಪ್ರಬಲರು ದುರ್ಬಲರನ್ನು ನುಂಗಿ ಬದುಕುವ ಅರಾಜಕ ಸ್ಥಿತಿಗೆ ನಮ್ಮ ಪೂರ್ವಿಕರು ‘ಮಾತ್ಸ್ಯನ್ಯಾಯ’ವೆಂದು ಹೆಸರಿಟ್ಟರು. ದಂಡವನ್ನು ಹಿಡಿಯುವ ರಾಜನಿಲ್ಲದಿದ್ದರೆ ನಾಡು ಮೀನಿನ ಮಡುವಿನಂತಾಗುವುದೆಂಬ ಮಾತು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಂದಿರುವುದು ಸಂಸ್ಕೃತ ಬಲ್ಲ ವಾಚಕರಿಗೆ ತಿಳಿದ ವಿಷಯವೇ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಈ ಶಬ್ದದ ಅರ್ಥವನ್ನು ಶಾಲೆಯ ಹುಡುಗರಿಗೆ ಹೇಳಿಕೊಟ್ಟ ನಾವು ಅದನ್ನು ಕಣ್ಣಾರೆ ಕಂಡುದು ಮಾತ್ರ ನಿವೃತ್ತರಾದ ಮೇಲೆ, ನಮ್ಮ ಮನೆಯ ಪಡಸಾಲೆಯಲ್ಲಿ.

ಮೊಳಕಾಲ್ಮೂರು ರೇಷ್ಮೆಯ ಸೀರೆಗೆ ಹೆಸರಾದ ಊರೇ ಹೊರತು ಮಳೆಗಲ್ಲ. ನಮ್ಮ ತಾಲ್ಲೂಕೂ ನೆರೆಯ ಚಳ್ಳಕೆರೆಯೂ ಕರ್ನಾಟಕದಲ್ಲಿ ಅತ್ಯಲ್ಪ ಮಳೆ ಬೀಳುವ ಸೀಮೆಗೆ ಸೇರಿದುವು. ಕಡಲು ಇಲ್ಲಿಂದ ೨೦೦ ಕಿಲೋಮೀಟರಿಗೂ ಆಚೆ. ಇಂತಹ ಊರಿನಲ್ಲಿ ಕಡಲ ಮೀನು ಸಾಕುತ್ತೇವೆಂದರೆ ನೆರೆಹೊರೆಯವರು ನಕ್ಕುದು ಸಹಜ. ಬೆಂಗಳೂರಿನಲ್ಲಿ ಕೆಲವು ವರ್ಷವಿದ್ದು ಮನೆಗೆ ಮರಳಿದ ನಮ್ಮ ಮಗನು ಸುಮಾರು ೨೫೦ ಲೀಟರು ಹಿಡಿಯುವ ನಾಲ್ಕಡಿಯ ಗಾಜಿನ ತೊಟ್ಟಿಯೊಂದನ್ನು ತಂದು, ಹವಳದ ದಿಬ್ಬದ ಮಾದರಿಯಲ್ಲಿ ಅದರೊಳಗೆ ಕೃತಕ ಶಿಲೆಗಳನ್ನು ಜೋಡಿಸಿ, ಉಪ್ಪುನೀರು ತುಂಬಿದನು. ಒಂದೂವರೆ ತಿಂಗಳು ನೀರು ಹದಗೊಂಡ ಬಳಿಕ ಎರಡು ಕ್ಲೌನ್ ಮೀನುಗಳೂ, ಕಿತ್ತಳೆ ಬಣ್ಣದ ಆರು ಗೆರೆಗಳುಳ್ಳ ಒಂದು ಚಿಕ್ಕ ಮೀನೂ ಬಂದುವು. ಈ ಗೆರೆಯ ಮೀನು ‘ರ‍್ಯಾಸ್’ ಎಂಬ ಕುಲದ್ದು. ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ನೋಡುವುದಕ್ಕೆ ಬಹಳ ಚೂಟಿ.

ನಾಲ್ಕು ತಿಂಗಳ ಮೇಲೆ ನಾವೇ ಮಗನೊಡನೆ ಬೆಂಗಳೂರಿಗೆ ಹೋದಾಗ ಅಂಗಡಿಯೊಂದರಲ್ಲಿ ಅದೇ ಕುಲದ ಇನ್ನೊಂದು ಮೀನನ್ನು ಕಂಡೆವು. ಕೆಂಪು ಮೈಗೆ ನೇರಿಳೆಯ ರೆಕ್ಕೆ; ನಮ್ಮೂರ ಮಗ್ಗದಿಂದ ಆಗತಾನೆ ಇಳಿದ ಸೆರಗಿನಂತೆ ಹೊಳೆಯುತ್ತಿದ್ದಿತು. ಅದನ್ನು ‘ಫೇರಿ ರ‍್ಯಾಸ್’ ಎನ್ನುವರಂತೆ. ಒಂದೇ ಕುಲದವು, ಒಂದರೊಡನೊಂದು ಹೊಂದಿಕೊಂಡಾವು ಎಂದು ನಾವೇ ಆರಿಸಿ ತಂದೆವು. ಮೊದಲನೆಯ ದಿನವೇ ಆರು ಗೆರೆಯ ಮೀನು ಹೊಸದನ್ನು ಕಲ್ಲಿಂದ ಕಲ್ಲಿಗೆ ಅಟ್ಟಿತು. ಎರಡನೆಯ ದಿನ ಹೊಸ ಮೀನು ಮೂಲೆ ಹಿಡಿಯಿತು, ಮೇವಿಗೂ ಬರಲಿಲ್ಲ. ಮೂರನೆಯ ದಿನ ಬೆಳಗಿನ ಜಾವ ಕಸ ಗುಡಿಸಲೆದ್ದ ನಮ್ಮ ಮನೆಯವರು ಅದು ನೆಲದ ಕಡಪ ಕಲ್ಲಿನ ಮೇಲೆ ಒಣಗಿ ಬಿದ್ದಿರುವುದನ್ನು ಕಂಡರು. ತೊಟ್ಟಿಯ ಮುಚ್ಚಳದಲ್ಲಿ ಎರಡು ಬೆರಳಗಲದ ಸಂದು ಇದ್ದಿತು.

ಒಂಬತ್ತು ವರ್ಷದ ಮೊಮ್ಮಗಳು ಅಂದು ಶಾಲೆಗೆ ಹೋಗಲೊಲ್ಲದೆ ಅತ್ತಳು. ನಮ್ಮ ಮನೆಯವರು ಮಾತ್ರ ಅಳಲಿಲ್ಲ. “ಹೆಣ್ಣು ತರುವಾಗ ಮನೆತನ ವಿಚಾರಿಸುತ್ತೀರಿ. ಎತ್ತು ತರುವಾಗ ಸುಳಿ, ಹಲ್ಲು ನೋಡುತ್ತೀರಿ. ಇದನ್ನು ತರುವಾಗ ಬಣ್ಣವೊಂದನ್ನು ಬಿಟ್ಟು ಏನು ನೋಡಿದಿರಿ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಓದಿ, ಬಲ್ಲವರನ್ನು ಕೇಳಿ, ನಮ್ಮ ತೊಟ್ಟಿಯಲ್ಲಿಯೇ ಕಂಡುಕೊಂಡುದನ್ನು ಇಲ್ಲಿ ಬರೆಯುತ್ತೇವೆ. ಮೀನು ಸಾಕುವ ಮನೆಗಳು ಈಗ ಸಣ್ಣ ಊರುಗಳಲ್ಲಿಯೂ ಹೆಚ್ಚುತ್ತಿರುವುದರಿಂದ ಇದು ಕೆಲವರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲನೆಯ ವಿಚಾರಣೆ ಸ್ವಭಾವದ್ದು. ರ‍್ಯಾಸ್ ಎಂಬುದು ಒಂದು ಮೀನಿನ ಹೆಸರಲ್ಲ. ೫೦೦ಕ್ಕೂ ಮಿಕ್ಕ ಜಾತಿಗಳುಳ್ಳ ದೊಡ್ಡ ಕುಟುಂಬದ ಹೆಸರು. ಅದರಲ್ಲಿ ಬೆರಳುದ್ದದವುಗಳಿಂದ ಹಿಡಿದು ಎರಡು ಮೀಟರಿಗೂ ಹೆಚ್ಚು ಬೆಳೆಯುವ ‘ಹಂಪ್‌ಹೆಡ್’ ರ‍್ಯಾಸಿನವರೆಗೆ ಎಲ್ಲ ಬಗೆಯವೂ ಉಂಟು. ಈ ಕಡೆಯದು ಬೇಟೆಗೆ ಸಿಕ್ಕಿ ಕ್ಷೀಣಿಸಿದುದರಿಂದ ೨೦೦೪ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿದೆ. ಒಂದೇ ವಂಶದಲ್ಲಿ ಸಾಧುವೂ ಜಗಳಗಂಟನೂ ಹುಟ್ಟುವುದನ್ನು ನಾವು ಮನುಷ್ಯರಲ್ಲಿ ಕಾಣುವೆವಷ್ಟೆ. ಹಾಗೆಯೇ ಇಲ್ಲಿಯೂ. ಫೇರಿ ರ‍್ಯಾಸ್, ಅದರ ಹತ್ತಿರದ ಬಂಧುವಾದ ‘ಫ್ಲ್ಯಾಷರ್’ ರ‍್ಯಾಸ್, ತೀರ ಚಿಕ್ಕದಾದ ‘ಪಾಸಮ್’ ರ‍್ಯಾಸ್ ಇವು ಸಾಧಾರಣವಾಗಿ ಶಾಂತಸ್ವಭಾವದವು. ಹವಳಕ್ಕಾಗಲಿ ಸಿಗಡಿಗಾಗಲಿ ಕೇಡು ಮಾಡುವುದು ವಿರಳ. ಆರು ಗೆರೆಯದು ಮೈಯಲ್ಲಿ ಚಿಕ್ಕದಾದರೂ ತಾನು ಮೊದಲು ಸೇರಿದ ಮನೆಗೆ ಬೇರೊಬ್ಬರು ಬಂದರೆ ಸಹಿಸದು. ‘ಮೂನ್’ ರ‍್ಯಾಸ್ ಎಂಬುದು ಒಂದು ಗೇಣಿಗೂ ಮಿಕ್ಕಿ ಬೆಳೆದು ಸಿಗಡಿಗಳನ್ನೂ ಸಣ್ಣ ಮೀನುಗಳನ್ನೂ ತಿನ್ನುವುದು. ಅಂಗಡಿಯಲ್ಲಿ ಇವೆಲ್ಲವೂ ಮರಿಗಳಾಗಿಯೇ ದೊರೆಯುವುದರಿಂದ, ಈಗ ಎಷ್ಟಿದೆಯೆಂದು ಕೇಳದೆ ಬೆಳೆದರೆ ಎಷ್ಟಾಗುವುದೆಂದು ಕೇಳತಕ್ಕದ್ದು.

ಸ್ವಭಾವಕ್ಕೆ ಸೇರಿದ ಇನ್ನೊಂದು ವಿಚಿತ್ರವನ್ನು ಇಲ್ಲಿಯೇ ಹೇಳಬೇಕು. ಈ ಕುಟುಂಬದ ಬಹುಪಾಲು ಜಾತಿಗಳಲ್ಲಿ ಮರಿಗಳು ಹೆಣ್ಣಾಗಿ ಬೆಳೆಯುವುವು. ಗುಂಪಿನ ಗಂಡು ಇಲ್ಲವಾದರೆ ಹೆಣ್ಣುಗಳಲ್ಲಿ ದೊಡ್ಡದು ಕೆಲವು ವಾರಗಳಲ್ಲಿ ಗಂಡಾಗಿ ಮಾರ್ಪಡುವುದು. ಬಣ್ಣವೂ ಆಗ ಉಜ್ಜ್ವಲವಾಗುವುದು. ಹೀಗಿರುವುದರಿಂದ ಒಂದೇ ಜಾತಿಯ, ಬಣ್ಣ ತಿರುಗಿದ ಎರಡು ಮೀನುಗಳನ್ನು ಕೂಡ ತರುವುದೆಂದರೆ ಎರಡು ಗಂಡುಗಳನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಿದಂತೆ. ಒಂದನ್ನೇ ಸಾಕುವುದು, ಅಥವಾ ಒಂದು ಗಂಡಿಗೆ ಎರಡು ಮೂರು ಹೆಣ್ಣುಗಳನ್ನು ಕೂಡಿಸುವುದು ಕ್ಷೇಮ.

ಎರಡನೆಯ ವಿಚಾರಣೆ ಆಹಾರದ್ದು. ಫೇರಿ ರ‍್ಯಾಸುಗಳು ಕಡಲಿನಲ್ಲಿ ನೀರಿನ ಹರಿವಿನೊಡನೆ ಬರುವ ಸೂಕ್ಷ್ಮ ಜೀವಿಗಳನ್ನು ಹಗಲೆಲ್ಲ ಹೆಕ್ಕಿ ತಿನ್ನುವುವು. ಆದಕಾರಣ ಅವಕ್ಕೆ ದಿನಕ್ಕೆ ಒಮ್ಮೆ ಬಹಳ ಹಾಕುವ ಬದಲು ಎರಡು ಮೂರು ಸಲ ಸ್ವಲ್ಪ ಸ್ವಲ್ಪವಾಗಿ, ಹಿಮಗಟ್ಟಿಸಿದ ಸಣ್ಣ ಸಿಗಡಿಯಂತಹ ಮೇವನ್ನು ಕೊಡತಕ್ಕದ್ದು. ನಮ್ಮದು ಸಸ್ಯಾಹಾರಿಗಳ ಮನೆ. ಮೀನಿನ ಮೇವಿಗೆ ಶೀತಪೆಟ್ಟಿಗೆಯಲ್ಲಿ ಎಡೆ ಕೊಡುವುದು ಸುಲಭದ ಮಾತಾಗಿರಲಿಲ್ಲ. ಕಡೆಗೆ ಹೊರಗಿನ ಕೋಣೆಯಲ್ಲಿ ಅದಕ್ಕೆಂದೇ ಚಿಕ್ಕದೊಂದನ್ನು ಇಡಬೇಕಾಯಿತು. ಅದಕ್ಕೆ ಒಪ್ಪದವರು ಈ ಮೀನನ್ನು ತರಲೇಬಾರದು. ನಮ್ಮ ವ್ರತವನ್ನು ಮೀನಿನ ಮೇಲೆ ಹೇರಿ ಅನ್ನದಗುಳು ಹಾಕಿದರೆ ಅದು ಪುಣ್ಯವಲ್ಲ, ಉಪವಾಸದ ಶಿಕ್ಷೆ.

ಈ ವಿಷಯದಲ್ಲಿ ‘ಕ್ಲೀನರ್’ ರ‍್ಯಾಸ್ ಎಂಬ ನೀಲಿ ಪಟ್ಟೆಯ ಮೀನನ್ನು ಕುರಿತು ಎಚ್ಚರ ಹೇಳುವುದು ಅಗತ್ಯ. ಕಡಲಿನಲ್ಲಿ ಇದು ಒಂದು ನೆಲೆಯಲ್ಲಿ ನಿಂತು, ತನ್ನಲ್ಲಿಗೆ ಬರುವ ದೊಡ್ಡ ಮೀನುಗಳ ಮೈಯಿಂದ ಪರಾವಲಂಬಿ ಜೀವಿಗಳನ್ನೂ ಲೋಳೆಯನ್ನೂ ಹೆಕ್ಕಿ ತಿಂದು ಜೀವಿಸುವುದು. ಮೀನುಗಳ ರೋಗ ಕಳೆಯುವುದೆಂದು ಇದನ್ನು ಮಾರುವವರುಂಟು. ಆದರೆ ಮನೆಯ ತೊಟ್ಟಿಯ ನಾಲ್ಕಾರು ಮೀನುಗಳ ಮೈಯಲ್ಲಿ ಅದರ ಹೊಟ್ಟೆಗೆ ಸಾಲುವಷ್ಟು ಎಲ್ಲಿ ದೊರೆತೀತು? ಬೇರೆ ಮೇವಿಗೆ ಒಗ್ಗದವು ಬಹುಮಟ್ಟಿಗೆ ಹಸಿವಿನಿಂದ ಸಾಯುವುವು. ಇದೇ ಮೀನಿನ ಕೊರಳಡಿಯಲ್ಲಿ ಗುರುತೊಂದನ್ನು ಹಾಕಿ ಕನ್ನಡಿ ತೋರಿಸಿದಾಗ, ಅದು ತನ್ನ ಕೊರಳನ್ನೇ ನೆಲಕ್ಕೆ ಉಜ್ಜಿಕೊಂಡಿತೆಂದು ಜಪಾನಿನ ವಿಜ್ಞಾನಿಗಳು ೨೦೧೯ರಲ್ಲಿ ಪ್ರಕಟಿಸಿದರು. ಕನ್ನಡಿಯಲ್ಲಿರುವುದು ತಾನೆಂದು ಅದು ಬಲ್ಲುದೋ ಇಲ್ಲವೋ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ಇದು ಪಡಸಾಲೆಯ ಅಲಂಕಾರದ ವಸ್ತುವಲ್ಲವೆಂಬುದಕ್ಕೆ ಅಷ್ಟು ಸಾಕು.

ಮೂರನೆಯದು ನಿದ್ರೆಯ ವಿಚಾರಣೆ. ಮಲಗುವ ಎಡೆಯಿಲ್ಲದ ನೆಂಟನು ಬಹಳ ದಿನ ನಿಲ್ಲಲಾರನಷ್ಟೆ. ‘ಹ್ಯಾಲಿಕೊಯರಿಸ್’ ಎಂಬ ಗಣದ ಹಳದಿ ಮೊದಲಾದ ರ‍್ಯಾಸುಗಳು ರಾತ್ರಿ ಮರಳಿನಲ್ಲಿ ಹೂತುಕೊಂಡು ಮಲಗುವುವು. ಬೆದರಿದರೂ ಅಲ್ಲಿಗೇ ಧುಮುಕುವುವು. ಅವನ್ನು ತರುವವರು ತೊಟ್ಟಿಯ ತಳದಲ್ಲಿ ಎರಡು ಮೂರು ಅಂಗುಲ ನುಣುಪಾದ ಮರಳನ್ನು ಹಾಸತಕ್ಕದ್ದು. ಹರಳುಕಲ್ಲಿನಿಂದ ಮೈ ತರಚುವುದು. ಫೇರಿ ರ‍್ಯಾಸಿಗಾದರೋ ಮರಳು ಬೇಡ, ಕಲ್ಲಿನ ಸಂದು ಬೇಕು. ಅಲ್ಲಿ ಅದು ತನ್ನ ಬಾಯಿಂದ ಹೊರಟ ಲೋಳೆಯಿಂದ ಮೈಸುತ್ತ ತೆಳ್ಳನೆಯ ಗೂಡನ್ನು ಕಟ್ಟಿಕೊಂಡು ಮಲಗುವುದು. ರೇಷ್ಮೆಗೂಡನ್ನು ಬಲ್ಲ ನಮ್ಮೂರ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ.

ನಾಲ್ಕನೆಯದು ಪ್ರವೇಶದ ಕ್ರಮ. ನಾವು ತಪ್ಪಿದುದು ಮುಖ್ಯವಾಗಿ ಇಲ್ಲಿಯೇ. ಸಾಧುಗಳು ಮೊದಲು, ಗಡುಸಿನವು ಕಡೆಗೆ ಬರಬೇಕು. ಹೊಸದನ್ನು ಮೂರು ನಾಲ್ಕು ವಾರ ಬೇರೆ ಚಿಕ್ಕ ತೊಟ್ಟಿಯಲ್ಲಿಟ್ಟು, ರೋಗವಿಲ್ಲವೆಂದೂ ಮೇವು ತಿನ್ನುವುದೆಂದೂ ಖಚಿತವಾದ ಬಳಿಕ, ತೂತುಗಳುಳ್ಳ ಪಾರದರ್ಶಕ ಪೆಟ್ಟಿಗೆಯಲ್ಲಿ ದೊಡ್ಡ ತೊಟ್ಟಿಯೊಳಗೇ ಕೆಲವು ದಿನ ಇಳಿಬಿಡತಕ್ಕದ್ದು. ಹಳಬರೂ ಹೊಸಬರೂ ಒಬ್ಬರನ್ನೊಬ್ಬರು ನೋಡಿ ಒಗ್ಗಿಕೊಂಡ ಮೇಲೆ ಬಾಗಿಲು ತೆರೆಯಬಹುದು. ಆಗಲೂ ಅಟ್ಟುವುದು ನಿಲ್ಲದಿದ್ದರೆ ಎರಡರಲ್ಲಿ ಒಂದನ್ನು ಅಂದೇ ತೆಗೆಯಬೇಕು. ನಾಳೆ ಸರಿಹೋದೀತೆಂದು ಕಾದವರು ನಾವು. ನಾಳೆ ಏನಾಯಿತೆಂಬುದನ್ನು ಮೇಲೆಯೇ ಹೇಳಿದ್ದೇವೆ. ಮುಚ್ಚಳದ ಮಾತೂ ಇದಕ್ಕೇ ಸೇರಿದುದು. ಈ ಕುಟುಂಬದವು ಬೆದರಿದರೆ ನೆಗೆಯುವುವು. ಒಂದು ಬೆರಳಿನ ಸಂದೂ ಅವಕ್ಕೆ ಹೆಬ್ಬಾಗಿಲೇ.

ಐದನೆಯದು ಮೀನಿನ ವಿಚಾರಣೆಯಲ್ಲ, ನಮ್ಮ ಮನೆಯದು. ನಮ್ಮ ಸೀಮೆಯ ಕೊಳವೆಬಾವಿಯ ನೀರು ಗಡುಸು. ಕೆಲವೆಡೆ ಫ್ಲೋರೈಡೂ ಉಂಟು. ಅದಕ್ಕೆ ಉಪ್ಪು ಬೆರೆಸಿದರೆ ಕಡಲಾಗದು. ಆರ್.ಓ. ಯಂತ್ರದಲ್ಲಿ ಶುದ್ಧವಾದ ನೀರಿಗೆ ಲೀಟರಿಗೆ ಸುಮಾರು ೩೫ ಗ್ರಾಂ ಪ್ರಮಾಣದಲ್ಲಿ, ಅಡಿಗೆಯ ಉಪ್ಪನ್ನಲ್ಲ, ತೊಟ್ಟಿಗೆಂದೇ ತಯಾರಾದ ಕಡಲುಪ್ಪನ್ನು ಕರಗಿಸಬೇಕು. ನಮ್ಮ ಒಣಹವೆಯಲ್ಲಿ ನೀರು ಬೇಗ ಆರುವುದು, ಉಪ್ಪು ಆರದು. ಆದ್ದರಿಂದ ಆರಿದಷ್ಟನ್ನು ಸಿಹಿನೀರಿನಿಂದಲೇ ತುಂಬತಕ್ಕದ್ದು. ಬೇಸಗೆಯಲ್ಲಿ ಹೊರಗೆ ೪೦ ಡಿಗ್ರಿ ಮುಟ್ಟುವಾಗಲೂ ತೊಟ್ಟಿಯ ನೀರು ೨೭ ಡಿಗ್ರಿಯನ್ನು ಬಹಳ ಮೀರಬಾರದು. ಕಾದ ನೀರಿನಲ್ಲಿ ಪ್ರಾಣವಾಯು ಕಡಮೆ. ನೀರಿನ ಮೇಲೆ ಬೀಸಣಿಗೆಯ ಗಾಳಿ ಆಡಿಸಿದರೆ, ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಕ್ರಮದಲ್ಲಿಯೇ ಇದೂ ತಣಿಯುವುದು. ವಿದ್ಯುತ್ತು ಹೋದಾಗ ನಡೆಯುವ ಬ್ಯಾಟರಿಯ ಗಾಳಿಯಂತ್ರ ಇಲ್ಲದ ಮನೆಗೆ ಈ ಹವ್ಯಾಸ ಸಲ್ಲದು. ಯಂತ್ರವು ಶೋಧಿಸಿ ಹೊರಬಿಡುವ ನೀರನ್ನು ನಾವು ನೆಲ ಒರಸುವುದಕ್ಕೂ ಪಾತ್ರೆ ತೊಳೆಯುವುದಕ್ಕೂ ಬಳಸುತ್ತೇವೆ. ಕೊಡ ಹಿಡಿದು ಜನ ಸಾಲು ನಿಲ್ಲುವ ಊರಿನಲ್ಲಿ ಅಷ್ಟಾದರೂ ಮಾಡದಿದ್ದರೆ ನಮಗೆ ಮುಖವಿರದು.

ಹವಳದ ಮಾತನ್ನೂ ಹೇಳಿಬಿಡಬೇಕು. ನಮ್ಮ ಸಮುದ್ರಗಳ ದಿಬ್ಬ ಕಟ್ಟುವ ಹವಳಗಳನ್ನು ೨೦೦೧ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ ಸೇರಿಸಲಾಯಿತು. ಅವನ್ನು ಕೀಳುವುದೂ ಮಾರುವುದೂ ಅಪರಾಧ. ಮುರ್ಡೇಶ್ವರದ ಆಚೆ ಅರಬ್ಬೀ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಕನ್ನಡ ನಾಡಿನ ಹವಳಗಳುಂಟು. ಅವು ಅಲ್ಲಿಯೇ ಇರಲಿ. ಮನೆಗೆ ಕೃತಕ ಶಿಲೆ ಸಾಕು. ಕ್ಲೌನ್ ಮೀನುಗಳ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ರೂಪಿಸಿರುವುದರಿಂದ ಸಾಕಿದ ಮರಿಗಳನ್ನೇ ಕೇಳಿ ಕೊಳ್ಳಬಹುದು. ರ‍್ಯಾಸುಗಳಾದರೋ ಬಹುಪಾಲು ಕಡಲಿನಿಂದ ಹಿಡಿದು ತಂದುವೇ. ಮಾಲ್ಡೀವ್ಸಿನ ಆಳದ ದಿಬ್ಬಗಳ ಒಂದು ಫೇರಿ ರ‍್ಯಾಸಿಗೆ ೨೦೨೨ರಲ್ಲಿ, ಅಲ್ಲಿಯ ವಿಜ್ಞಾನಿಯೊಬ್ಬರೂ ಸೇರಿ, ಅವರ ಭಾಷೆಯಲ್ಲಿ ಗುಲಾಬಿ ಎಂಬರ್ಥದ ಹೆಸರನ್ನಿಟ್ಟರು. ಶಾಸ್ತ್ರದಲ್ಲಿ ಹೆಸರು ಪಡೆಯುವ ಮೊದಲೇ ಆ ಮೀನು ವ್ಯಾಪಾರದಲ್ಲಿ ಸೇರಿದ್ದಿತಂತೆ! ಆದಕಾರಣ ಒಂದು ಸತ್ತರೆ ಇನ್ನೊಂದು ತಂದರಾಯಿತೆಂಬ ಭಾವನೆ ನಮಗೆ ಬರಬಾರದು.

ನಮ್ಮ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಂಗಿ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅವನ್ನು ಬೆಳಕಿಗೆ ತಂದರು. ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಗುರುಗಳಲ್ಲಿ ಗೌರವ ಇವು ಅಲ್ಲಿಯ ಉಪದೇಶ. ವರ್ಷಕ್ಕೊಮ್ಮೆ ಹುಡುಗರನ್ನು ಅಲ್ಲಿಗೆ ಕರೆದೊಯ್ದು ಅದನ್ನು ನಾವು ಹೇಳಿಕೊಡುತ್ತಿದ್ದೆವು. ದಯೆಯೆಂದರೆ ನೊಂದ ಮೇಲೆ ಮರುಗುವುದೆಂದೇ ಆಗ ತಿಳಿದಿದ್ದೆವು. ತರುವ ಮುನ್ನ ವಿಚಾರಿಸುವುದೂ ದಯೆಯೇ ಎಂಬುದನ್ನು ಒಣಗಿದ ಆ ಮೀನು ಕಲಿಸಿತು. ಗಾಜಿನ ತೊಟ್ಟಿಗೆ ಗೃಹಸ್ಥನೇ ರಾಜ. ಅಲ್ಲಿ ಮಾತ್ಸ್ಯನ್ಯಾಯವು ತಲೆಯೆತ್ತಿದರೆ ಅಪರಾಧ ಮೀನಿನದಲ್ಲ; ಅದು ತನ್ನ ಸ್ವಭಾವದಂತೆ ನಡೆಯಿತು.

ಆರು ಗೆರೆಯ ಮೀನನ್ನು, ಅದೊಂದನ್ನೇ ಇಡಬಲ್ಲ ಚಿತ್ರದುರ್ಗದ ಹವ್ಯಾಸಿಯೊಬ್ಬರಿಗೆ ಕೊಟ್ಟೆವು. ಮಗ್ಗದ ಕೆಲಸದ ನೆರೆಮನೆಯವರು ತೊಟ್ಟಿಯ ಅಳತೆಗೆ ಸರಿಯಾಗಿ ಚೌಕಟ್ಟು ಮಾಡಿ, ಸಣ್ಣ ಕಣ್ಣಿನ ಬಲೆಯನ್ನು ಬಿಗಿದುಕೊಟ್ಟರು; ಮೊದಲು ನಕ್ಕವರಲ್ಲಿ ಅವರೂ ಒಬ್ಬರು. ಆರು ತಿಂಗಳು ಕಾದು, ಮೇಲಿನ ಐದು ವಿಚಾರಣೆಗಳನ್ನೂ ಮುಗಿಸಿ, ಇನ್ನೊಂದು ಫೇರಿ ರ‍್ಯಾಸನ್ನು ತಂದೆವು. ಈ ಸಲ ಆರಿಸಿದವಳು ಮೊಮ್ಮಗಳು. ಅಂಗಡಿಯವರು ಬಣ್ಣ ತೋರಿಸುತ್ತಿದ್ದಾಗ ಅವಳು, “ಇದು ಮೇವು ತಿನ್ನುವುದನ್ನು ಮೊದಲು ತೋರಿಸಿ” ಎಂದಳು.

ಅದು ಬಂದು ಈಗ ವರ್ಷ ಕಳೆಯಿತು. ರಾತ್ರಿ ದೀಪವಾರಿದ ಬಳಿಕ ಅವಳು ಕೈದೀಪವನ್ನು ಸೆರಗಿನಿಂದ ಮರೆಮಾಡಿಕೊಂಡು ಬರುವ ಅಜ್ಜಿಯೊಡನೆ ತೊಟ್ಟಿಯ ಬಳಿಗೆ ಹೋಗಿ, ಕಲ್ಲಿನ ಸಂದಿನಲ್ಲಿ ಗೂಡು ಕಟ್ಟಿದೆಯೇ ಎಂದು ನೋಡಿ, ಮುಚ್ಚಳದ ನಾಲ್ಕು ಮೂಲೆಗಳನ್ನೂ ಒತ್ತಿ ಪರೀಕ್ಷಿಸಿ, ಆಮೇಲೆಯೇ ಮಲಗುವಳು.