ಇಳಿಜಾರು ಹೊಲಗಳಲ್ಲಿ ಬದುವೂ ಮರವೂ

ಸಂಡೂರು ತಾಲ್ಲೂಕಿನ ದೋಣಿಮಲೈ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯು 1977 ರಲ್ಲಿ ಆರಂಭವಾಯಿತು. ಅದಿರಿನ ಮಾತು ಹೆಚ್ಚಾದಂತೆಲ್ಲ ಬೆಟ್ಟದ ಬುಡದ ಮಸಾರಿ ಹೊಲಗಳಿಂದ ತೊಳೆದುಹೋಗುವ ಮೇಲ್ಮಣ್ಣಿನ ಮಾತು ಕಡಮೆಯಾಗಿರುವುದು. ಹವಾಗುಣವು ಬದಲಾಗುತ್ತಿರುವ ಈ ಕಾಲದಲ್ಲಿ ಮಳೆಯು ಹದವಾಗಿ ಬಾರದೆ ಒಮ್ಮೆಲೇ ರಭಸದಿಂದ ಸುರಿಯುವುದುಂಟು. ಆಗ ನೀರು ನೆಲದೊಳಗಿಳಿಯದೆ, ಫಲವತ್ತಾದ ಮಣ್ಣನ್ನು ಕೊಚ್ಚಿಕೊಂಡು ಹಳ್ಳವನ್ನು ಸೇರುವುದು.

ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದ ಗೆರೆಯನ್ನನುಸರಿಸಿ ಬದು ಹಾಕತಕ್ಕದ್ದು; ಕುಂಟೆ ಕೂರಿಗೆಗಳನ್ನೂ ಅದೇ ಗೆರೆಯಲ್ಲಿ ಹೊಡೆಯತಕ್ಕದ್ದು. ಬದುವಿನ ಮೇಲೆ ಲಾವಂಚವನ್ನು ಒತ್ತಾಗಿ ನೆಟ್ಟರೆ ಅದರ ಬೇರು ಆಳಕ್ಕಿಳಿದು ಮಣ್ಣನ್ನು ಹಿಡಿಯುವುದು. ಗುಂಡ್ಲುಪೇಟೆಯ ಕಡೆಯ ರೈತರು ಬಹುಕಾಲದಿಂದ ಹೊಲದ ಎಲ್ಲೆಗೆ ಇದನ್ನೇ ನೆಡುತ್ತ ಬಂದಿರುವರು.

ಮರವೆಂದೊಡನೆ ರೈತರು ಹಿಂಜರಿಯುವರು. ನೆರಳಿನಲ್ಲಿ ತೆನೆ ಜೊಳ್ಳಾಗುವುದೆಂಬ ಅವರ ಆಕ್ಷೇಪಣೆಯು ನಿರಾಧಾರವಾದುದಲ್ಲ. ಮರದ ಬೇರು ಪೈರಿನ ತೇವವನ್ನೂ ಹೀರುವುದು. ಆದಕಾರಣ ಮರಗಳನ್ನು ಹೊಲದ ನಡುವೆ ನೆಡದೆ, ಬದುವಿನ ಮೇಲೆಯೇ ದೂರದೂರವಾಗಿ ನೆಡಬೇಕು. ಬಿತ್ತನೆಗೆ ಮುನ್ನ ರೆಂಬೆಗಳನ್ನು ಸವರಿ, ಪೈರಿನ ಕಡೆಗೆ ಹರಿದ ಬೇರುಗಳನ್ನು ಸಣ್ಣ ಕಾಲುವೆ ತೋಡಿ ಕತ್ತರಿಸಬೇಕು. ಇದಕ್ಕೆ ಹೊಂಗೆಯು ಉತ್ತಮ. ಅದು ದ್ವಿದಳ ಜಾತಿಯಾದುದರಿಂದ ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಕೂಡಿಸುವುದು, ಸವರಿದ ಸೊಪ್ಪು ಹಸುರುಗೊಬ್ಬರವಾಗುವುದು, ಬೀಜದಿಂದ ಎಣ್ಣೆಯುಂಟು. ಆಡುಗಳ ಕಾಟವಿರುವೆಡೆ ಸೀತಾಫಲವೇ ಮೇಲು. ಅದರ ಎಲೆಯನ್ನು ಅವು ಸಾಮಾನ್ಯವಾಗಿ ಮೇಯುವುದಿಲ್ಲ.

ಸಸಿಗಳಿಗೆ ಮೊದಲ ಎರಡು ಬೇಸಗೆಗಳೇ ಕಠಿಣವಾದುವು. ಬುಡಕ್ಕೆ ಒಣಹುಲ್ಲು ಮುಚ್ಚಿ, ಆಗಾಗ್ಗೆ ಕೊಡದಿಂದ ನೀರೆರೆಯುವಷ್ಟು ಸಸಿಗಳನ್ನು ಮಾತ್ರ ನೆಡುವುದು ಯುಕ್ತ. ಹೊಲವೆಲ್ಲಕ್ಕೂ ಒಂದೇ ವರ್ಷ ಕೈಹಾಕಲಾರದ ರೈತನು ಎತ್ತರದ ಬದುವಿನಿಂದಲೇ ಆರಂಭಿಸತಕ್ಕದ್ದು. ಮೇಲಿನ ನೀರು ತಡೆಯದಿದ್ದಲ್ಲಿ ಕೆಳಗಿನ ಬದು ಒಡೆಯುವುದು.